ಅಕಾಬಿಯ ಅಕ್ಷರ

ಇಸ್ತಾಂಬುಲಿನ ಬೆಯಾಜಿತ್ ಮಸೀದಿಯ ಮಗ್ಗುಲಲ್ಲಿ, ಗ್ರ್ಯಾಂಡ್ ಬಜಾರಿಗೆ ಹೋಗುವ ದಾರಿಯಲ್ಲೇ ಹಳೆ ಪುಸ್ತಕದವರ ಪೇಟೆಯೊಂದಿದೆ. ಕಲ್ಲು ಹಾಸಿದ ಅಂಗಳ, ಸುತ್ತ ಸಾಲು ಅಂಗಡಿ, ಅಂಗಳದಲ್ಲಿ ಇಬ್ರಾಹಿಂ ಮುತೆಫೆರ್ರಿಕಾನ ಪ್ರತಿಮೆ. ಟರ್ಕಿಯ ಶಾಲೆಮಕ್ಕಳಿಗೆ ಮುದ್ರಣ ಅಂದರೆ ಈತನ ಹೆಸರು. ಅರಬ್ಬಿ ಲಿಪಿಯಲ್ಲಿ ತುರ್ಕಿ ಪುಸ್ತಕಗಳನ್ನು ಅಚ್ಚು ಹಾಕಲು 1727ರಲ್ಲಿ ಸುಲ್ತಾನನ ಅಪ್ಪಣೆ ಪಡೆದ. 1729ರಲ್ಲಿ ಮೊದಲ ಪುಸ್ತಕ ಹೊರತಂದ. ಪ್ರವಾಸಿಗರು ಪ್ರತಿಮೆಯ ಮುಂದೆ ನಿಂತು ಫೋಟೊ ತೆಗೆಸಿಕೊಂಡು ಬಜಾರಿನ ಕಡೆ ಹೊರಡುತ್ತಾರೆ. ನನಗೆ ಅಲ್ಲಿ ನಿಂತಾಗ ನೆನಪಾದದ್ದು ಅದೇ 1727ರಲ್ಲಿ ವೆನಿಸ್ ನಗರದಲ್ಲಿ ಅಚ್ಚಾದ ಇನ್ನೊಂದು ಪುಸ್ತಕ. ಅದರ ಭಾಷೆಯೂ ತುರ್ಕಿಯೇ. ಅಕ್ಷರ ಮಾತ್ರ ಅರ್ಮೇನಿಯನ್. ಅದಕ್ಕೆ ಇಸ್ತಾಂಬುಲಿನ ಯಾವ ಅಂಗಳದಲ್ಲೂ ಪ್ರತಿಮೆ ಕಾಣಲಿಲ್ಲ.

ಆ ಪುಸ್ತಕ ಬರೆದವರು ಮಖಿತಾರ್ ಎಂಬ ಅರ್ಮೇನಿಯನ್ ಕ್ಯಾಥೊಲಿಕ್ ಸನ್ಯಾಸಿ. 1676ರಲ್ಲಿ ಅನಾತೋಲಿಯದ ಸಿವಾಸ್ ಊರಿನಲ್ಲಿ ಹುಟ್ಟಿದವರು. 1701ರಲ್ಲಿ ಇಸ್ತಾಂಬುಲಿನಲ್ಲಿ ತಮ್ಮದೊಂದು ಸನ್ಯಾಸಿ ಸಂಘ ಕಟ್ಟಿ, ಅಲ್ಲಿ ನಿಲ್ಲಲಾಗದೆ ಗ್ರೀಸಿಗೆ ಹೋಗಿ, ಅಲ್ಲಿಂದಲೂ ಯುದ್ಧದ ದೆಸೆಯಿಂದ ಎದ್ದು 1715ರಲ್ಲಿ ವೆನಿಸ್ ಸೇರಿದರು. ಒಂದು ಕಾಲದಲ್ಲಿ ಕುಷ್ಠರೋಗಿಗಳನ್ನು ಇಡುತ್ತಿದ್ದ ಸಾನ್ ಲಾಝಾರೊ ಎಂಬ ಪುಟ್ಟ ದ್ವೀಪವನ್ನು 1717ರಲ್ಲಿ ವೆನಿಸ್ ಗಣರಾಜ್ಯ ಅವರಿಗೆ ಬಿಟ್ಟುಕೊಟ್ಟಿತು. ಇಸ್ತಾಂಬುಲಿಗೆ ಬರುವ ಮೊದಲು ನಾನು ಹೋಗಿದ್ದು ಆ ದ್ವೀಪಕ್ಕೆ. ಸಾನ್ ಜಕ್ಕಾರಿಯಾ ಕಟ್ಟೆಯಿಂದ ದೋಣಿ ಬಸ್ಸು ಹತ್ತಿದರೆ ಸ್ವಲ್ಪ ಹೊತ್ತಿನಲ್ಲೇ ಕೆಂಪು ಗೋಡೆ, ಈರುಳ್ಳಿ ಆಕಾರದ ಗೋಪುರ ಕಾಣುತ್ತದೆ. ಮಠದ ಪಾದ್ರಿಗಳೊಬ್ಬರು ಬಂದವರನ್ನೆಲ್ಲ ಒಟ್ಟುಗೂಡಿಸಿ ಒಳಗೆ ಕರೆದೊಯ್ದರು. ಕವಿ ಬೈರನ್ 1816ರಲ್ಲಿ ಇಲ್ಲಿಗೆ ಬಂದು ಅರ್ಮೇನಿಯನ್ ಕಲಿತ ಕೋಣೆ, ಈಜಿಪ್ಟಿನ ಮಮ್ಮಿ, ಹಸ್ತಪ್ರತಿಗಳು, ಸನ್ಯಾಸಿಗಳೇ ಮಾಡುವ ಗುಲಾಬಿ ಎಸಳಿನ ಜಾಮ್, ಎಲ್ಲವನ್ನೂ ತೋರಿಸಿದರು. ನನ್ನ ಮನಸ್ಸು ಇದ್ದದ್ದು ಚರ್ಚಿನೊಳಗೆ ಬಲಿಪೀಠದ ಮುಂದೆ ಮಲಗಿರುವ ಮಖಿತಾರರ ಸಮಾಧಿಯಲ್ಲಿ. 1727ರ ಅವರ ಪುಸ್ತಕ ಜನ ಆಡುವ ಅರ್ಮೇನಿಯನ್ ಭಾಷೆಯ ವ್ಯಾಕರಣ. ವಿವರಣೆಯೆಲ್ಲ ತುರ್ಕಿಯಲ್ಲಿ, ಆ ತುರ್ಕಿ ಅರ್ಮೇನಿಯನ್ ಅಕ್ಷರದಲ್ಲಿ. ತಮ್ಮ ಜನಕ್ಕೆ ತಮ್ಮದೇ ಭಾಷೆ ಕಲಿಸಲು ಅವರಿಗೆ ತುರ್ಕಿ ಬೇಕಾಯಿತು. ಏಕೆಂದರೆ ಅನಾತೋಲಿಯದ ಎಷ್ಟೋ ಊರುಗಳಲ್ಲಿ ಅರ್ಮೇನಿಯನ್ನರ ಮನೆಮಾತು ಆಗಲೇ ತುರ್ಕಿಯಾಗಿತ್ತು. ಕೈಸೇರಿ, ಅಂಕಾರಾ, ಅದಾನಾ, ಆಂತೆಪ್, ಮರಾಶ್ ಇಲ್ಲೆಲ್ಲ ತಾಯಿ ಮಗುವಿಗೆ ಜೋಗುಳ ಹಾಡುತ್ತಿದ್ದದ್ದು ತುರ್ಕಿಯಲ್ಲಿ. ಅಕ್ಷರ ಕಲಿಯುತ್ತಿದ್ದದ್ದು ಚರ್ಚಿನಲ್ಲಿ, ಅಲ್ಲಿದ್ದದ್ದು ಮೆಸ್ರೋಪ್ ಮಷ್ತೋತ್ಸರ ಅಕ್ಷರ. ಹೀಗಾಗಿ ಬಾಯಿಯ ಮಾತನ್ನು ಕೈಗೆ ಬರುವ ಅಕ್ಷರದಲ್ಲಿ ಬರೆದರು.

ಮಷ್ತೋತ್ಸರು ಅರ್ಮೇನಿಯನ್ ವರ್ಣಮಾಲೆ ಕಟ್ಟಿದ್ದು ಸುಮಾರು ಕ್ರಿ.ಶ. 405ರಲ್ಲಿ. ಆಗ ಇದ್ದದ್ದು 36 ಅಕ್ಷರ. ಮಧ್ಯಯುಗದಲ್ಲಿ ಎರಡು ಸೇರಿ 38 ಆಯಿತು. ಹೊರಡುವ ಮೊದಲೇ ಮನೆಯಲ್ಲಿ ಕೂತು ಈ ಅಕ್ಷರಗಳನ್ನು ತಿದ್ದಿಕೊಂಡಿದ್ದೆ. ಇಂಗ್ಲಿಷ್ ಬಲ್ಲ ಕಣ್ಣಿಗೆ ಇವು ಮೊದಮೊದಲು ದಾರಿ ತಪ್ಪಿಸುತ್ತವೆ. ಇಂಗ್ಲಿಷಿನ 'ಯು' ಹಾಗೆ ಕಾಣುವುದು ಇಲ್ಲಿ 'ಸ'. 'ಎನ್' ಹಾಗಿರುವುದು 'ವೊ'. 'ಕ್ಯೂ' ಹಾಗಿರುವುದು 'ಝ'. ಎರಡರ ಅಂಕಿಯಂತೆ ಕೂತಿರುವುದು 'ಶ'. 'ಪಿ' ಅಕ್ಷರದ ಕಾಲಿಗೆ ಅಡ್ಡಗೆರೆ ಎಳೆದಂತಿರುವುದು 'ಕ'. ಮೊದಲ ಅಕ್ಷರ 'ಆಯ್ಪ್' ಮೂರು ಕಾಲೂರಿ ಕೆಳಗೆ ಬಾಲ ಬಿಟ್ಟುಕೊಂಡಿರುತ್ತದೆ. ಅಚ್ಚಿನಲ್ಲಿ ಇವೆಲ್ಲ ಒಂದರ ಪಕ್ಕ ಒಂದು ದಪ್ಪ ಕಂಬಗಳಂತೆ ನಿಂತು, ಸ್ವಲ್ಪ ಬಲಕ್ಕೆ ವಾಲುತ್ತವೆ. ದೂರದಿಂದ ನೋಡಿದರೆ ಅಕ್ಷರ ಅಕ್ಷರಕ್ಕೆ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತಿರ ಹೋದರೆ ಕೊಕ್ಕೆ ಯಾವ ಕಡೆ ಬಾಗಿದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇಸ್ತಾಂಬುಲಿನ ಬೆಯೊಲು ಭಾಗದಲ್ಲಿ, ಮೀನುಪೇಟೆಯ ಹತ್ತಿರ, ಅಸ್ಲಿಹಾನ್ ಪಸಾಜಿ ಎಂಬ ಹಳೆ ಪುಸ್ತಕಗಳ ಇನ್ನೊಂದು ತಾಣವಿದೆ. ನನ್ನ ಜೊತೆಗಿದ್ದದ್ದು ಇಸ್ತಾಂಬುಲಿನದೇ ಒಬ್ಬ ವಿದ್ಯಾರ್ಥಿನಿ. ತುರ್ಕಿ ಅವಳ ತಾಯಿನುಡಿ. ಅಂಗಡಿಯ ಹಿರಿಯರಿಗೆ ಅವಳು "ಅಮ್ಜಾ, ಅರ್ಮೇನಿಯನ್ ಅಕ್ಷರದ ತುರ್ಕಿ ಪುಸ್ತಕ ಇದೆಯಾ?" ಅಂದಳು. ಅಮ್ಜಾ ಅಂದರೆ ನಮ್ಮ ಚಿಕ್ಕಪ್ಪ, ದೊಡ್ಡಪ್ಪ. ಅವರು ನಮ್ಮಿಬ್ಬರನ್ನೂ ಒಮ್ಮೆ ನೋಡಿ, ಒಳಗೆ ಹೋಗಿ, ಕಪ್ಪು ರಟ್ಟಿನ ದಪ್ಪ ಪುಸ್ತಕವೊಂದನ್ನು ತಂದು ಒರೆಸಿ ಮೇಜಿನ ಮೇಲಿಟ್ಟರು. ಹೊಸ ಒಡಂಬಡಿಕೆ. ಬೆನ್ನಿನ ಬಟ್ಟೆ ಹರಿದು ಹೊಲಿಗೆ ದಾರ ಕಾಣುತ್ತಿತ್ತು. ಹಾಳೆಯ ಕೆಳಮೂಲೆಗಳು ಬೆರಳಿನ ಎಣ್ಣೆ ಹತ್ತಿ ಕಂದಾಗಿದ್ದವು.

ಅವಳು ಹಾಳೆ ತಿರುಗಿಸಿ ನೋಡಿದಳು, ಒಂದಕ್ಷರವೂ ಗೊತ್ತಾಗಲಿಲ್ಲ. ನನಗೆ ಅಕ್ಷರ ಗೊತ್ತು, ಭಾಷೆ ಗೊತ್ತಿಲ್ಲ. ನಾನು ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸುತ್ತ ಗಟ್ಟಿಯಾಗಿ ಓದಲು ಶುರುಮಾಡಿದೆ. "ಎ… ಕ್… ಮೆಕ್." ಅವಳು ತಟ್ಟನೆ "ಎಕ್ಮೆಕ್! ರೊಟ್ಟಿ!" ಅಂದಳು. ಮುಂದೆ "ದೆ… ನಿಝ್." "ಸಮುದ್ರ!" ಆಮೇಲೆ "ಬಾ… ಲಿಕ್." "ಮೀನು!" ರೊಟ್ಟಿ, ಸಮುದ್ರ, ಮೀನು, ಗಲಿಲಿಯ ದಡದ ಕಥೆ ಬೀಗ ತೆಗೆದಂತೆ ಬಿಚ್ಚಿಕೊಳ್ಳುತ್ತ ಹೋಯಿತು. ನನ್ನ ಬಾಯಿಂದ ಬರುವ ಸದ್ದು ನನಗೆ ಬರೀ ಸದ್ದು, ಅವಳಿಗೆ ಅರ್ಥ. ಅವಳ ಅಜ್ಜಿ ಮನೆಯಲ್ಲಿ ಆಡುವ ತುರ್ಕಿ ಇದ್ದ ಹಾಗೇ ಇದೆ ಅಂತ ಅವಳು ಮತ್ತೆ ಮತ್ತೆ ಹೇಳಿದಳು. ಹಿರಿಯರು ನಮಗಿಬ್ಬರಿಗೂ ಚಹಾ ತರಿಸಿದರು. ಸಣ್ಣ ಸೊಂಟದ ಗಾಜಿನ ಲೋಟ ಆರುವವರೆಗೂ ನಾವು ಓದುತ್ತಲೇ ಇದ್ದೆವು.

'ಬಾಲಿಕ್' ಅಂತ ಕನ್ನಡದಲ್ಲಿ ಬರೆದಿದ್ದೇನೆ, ಆದರೆ ಆ ಪದದ ಎರಡನೆಯ ಸ್ವರ 'ಇ' ಅಲ್ಲ. ತುಟಿ ದುಂಡಾಗದೆ, ನಾಲಿಗೆ ಹಿಂದೆ ಸರಿದು ಹೊರಡುವ ಸ್ವರ ಅದು. ತುಳುವರ ಬಾಯಲ್ಲಿ ಪದದ ಕೊನೆಗೆ ಕೇಳುವ, ಕನ್ನಡ ಲಿಪಿಯಲ್ಲಿ ಸರಿಯಾಗಿ ಕೂರದ ಅರ್ಧ ಉಕಾರಕ್ಕೆ ತೀರ ಹತ್ತಿರದ್ದು. ಅರ್ಮೇನಿಯನ್ನರ ಬಳಿ ಇಂಥ ಮಧ್ಯದ ಸ್ವರಕ್ಕೆ 'ಇತ್' ಅನ್ನುವ ಒಂದು ಅಕ್ಷರ ಮೊದಲಿನಿಂದಲೂ ಇತ್ತು. ತುರ್ಕಿಗೆ ಅದನ್ನೇ ಹಚ್ಚಿದರು. ತುಟಿ ದುಂಡಾಗಿಸಿ ಹೇಳುವ 'ಎ' ಇದೆಯಲ್ಲ, ಅದಕ್ಕೆ ಎ ಮತ್ತು ಓ ಅಕ್ಷರಗಳನ್ನು ಜೋಡಿಸಿದರು. ತುಟಿ ದುಂಡಾಗಿಸಿದ 'ಇ'ಗೆ ಇ ಅಕ್ಷರದ ಪಕ್ಕ 'ಹ್ಯುನ್' ಇಟ್ಟರು. ಮಷ್ತೋತ್ಸರ ನಂತರ ಸೇರಿದ ಎರಡು ಅಕ್ಷರಗಳಲ್ಲಿ ಒಂದು ಈ 'ಓ', ತುರ್ಕಿ ಬರವಣಿಗೆಯಲ್ಲಿ ಅದಕ್ಕೆ ಬಿಡುವೇ ಇಲ್ಲ. ಕ ಅಕ್ಷರವೂ ಎರಡು: ಎಕ್ಮೆಕ್‌ನ ಮೆದು ಕ ಬೇರೆ, ಬಾಲಿಕ್‌ನ ಗಂಟಲ ಕಡೆಯ ಕ ಬೇರೆ.

ಇದರ ಬೆಲೆ ತಿಳಿಯಬೇಕಾದರೆ ಆಗಿನ ಅರಬ್ಬಿ ಲಿಪಿಯ ತುರ್ಕಿಯನ್ನು ನೋಡಬೇಕು. ತುರ್ಕಿಗೆ ಎಂಟು ಸ್ವರ. ಅರಬ್ಬಿ ಲಿಪಿಯಲ್ಲಿ ಸ್ವರ ತೋರಿಸಲು ಸಿಗುವ ಅಕ್ಷರ ಬೆರಳೆಣಿಕೆ. ಒ, ಉ, ಆಗಲೇ ಹೇಳಿದ ತುಟಿ ದುಂಡಾಗಿಸಿದ 'ಎ' ಮತ್ತು 'ಇ', ಮೇಲೆ 'ವ' ವ್ಯಂಜನ, ಇಷ್ಟೂ ವಾವ್ ಎಂಬ ಒಂದೇ ಅಕ್ಷರದ ತಲೆಗೆ. 'ಆಯಿತು' ಅನ್ನುವ ತುರ್ಕಿ ಪದ ಮತ್ತು 'ಸತ್ತ' ಅನ್ನುವ ತುರ್ಕಿ ಪದ, ಇವೆರಡನ್ನೂ ಅರಬ್ಬಿ ಲಿಪಿಯಲ್ಲಿ ಒಂದೇ ರೀತಿ ಬರೆಯುತ್ತಿದ್ದರು. ಒಬ್ಬ ಪಾಷಾ ಅಧಿಕಾರಿಯಾದನೋ ತೀರಿಕೊಂಡನೋ ಅಂತ ಹಿಂದುಮುಂದಿನ ವಾಕ್ಯ ನೋಡಿ ತಿಳಿಯಬೇಕು. ಅರ್ಮೇನಿಯನ್ ಅಕ್ಷರದಲ್ಲಿ ಬರೆದರೆ ಆ ಗೊಂದಲವೇ ಇಲ್ಲ, ಎರಡೂ ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತವೆ. ಅರಬ್ಬಿ ಲಿಪಿ ತುರ್ಕಿಗೆ ಒದಗುತ್ತಿಲ್ಲ ಎಂದು ಆಟೊಮನ್ ವಿದ್ವಾಂಸ ಮುನೀಫ್ ಪಾಷಾ 1862ರಲ್ಲಿ ಬಹಿರಂಗವಾಗಿ ಮಾತಾಡುವ ಹೊತ್ತಿಗೆ, ಅವರದೇ ಊರಿನ ಅರ್ಮೇನಿಯನ್ ಅಚ್ಚುಮನೆಗಳಲ್ಲಿ ಆ ತೊಡಕು ಬಗೆಹರಿದು ದಶಕಗಳೇ ಕಳೆದಿದ್ದವು. ಮುಸ್ಲಿಂ ತುರ್ಕರಲ್ಲೂ ಕೆಲವರು ಈ ಪುಸ್ತಕಗಳನ್ನು ಓದಲೆಂದೇ ಅರ್ಮೇನಿಯನ್ ಅಕ್ಷರ ಕಲಿತಿದ್ದರು. ಸುಲ್ತಾನ್ ಅಬ್ದುಲ್ ಮಜೀದನ ಕಾಲದಲ್ಲಿ ಟಂಕಸಾಲೆ ನೋಡಿಕೊಳ್ಳುತ್ತಿದ್ದ ದುಜ್ಯಾನ್ ಮನೆತನದವರು ಲೆಕ್ಕಪತ್ರಗಳನ್ನು ಬರೆದಿಟ್ಟದ್ದೂ ಅರ್ಮೇನಿಯನ್ ಅಕ್ಷರದ ತುರ್ಕಿಯಲ್ಲೇ.

ಅಚ್ಚುಮೊಳೆಯ ಮಾತು ಬಂದಾಗ ಒಂದು ಹೆಸರು ಹೇಳದೆ ಮುಂದೆ ಹೋಗಲಾರೆ: ಓಹಾನ್ನೆಸ್ ಮುಹೆಂದಿಸ್ಯಾನ್, 1810ರಲ್ಲಿ ಹುಟ್ಟಿ 1891ರಲ್ಲಿ ತೀರಿಕೊಂಡವರು. ಆಟೊಮನ್ ಮುದ್ರಣದ ಅತ್ಯಂತ ಸುಂದರ ಅರಬ್ಬಿ ಮೊಳೆಗಳನ್ನು ಕೆತ್ತಿದ ಕೈ ಈ ಅರ್ಮೇನಿಯನ್ನರದ್ದು. ನಸ್ಖ್ ಶೈಲಿಯನ್ನೂ, ಜಾರುಬಂಡಿಯ ಹಾಗೆ ಇಳಿಯುವ ತಾಲಿಕ್ ಶೈಲಿಯನ್ನೂ ಸೀಸಕ್ಕೆ ಇಳಿಸಿದವರು ಅವರೇ. ಸುಲ್ತಾನನ ಲಿಪಿಗೆ ಅರ್ಮೇನಿಯನ್ ಕೈ ಬೇಕಿತ್ತು. ಅರ್ಮೇನಿಯನ್ನರ ಅಕ್ಷರಕ್ಕೆ ತುರ್ಕಿ ಮಾತು ಬೇಕಿತ್ತು.

ನಾವು ಅಂಗಡಿಯಲ್ಲಿ ಓದಿದ ಹೊಸ ಒಡಂಬಡಿಕೆಯ ವಂಶ ಅಮೆರಿಕದ ಮಿಷನರಿ ವಿಲಿಯಂ ಗುಡೆಲ್ ಅವರದ್ದು. ಅರ್ಮೇನಿಯನ್ನರನ್ನು ತಲುಪಬೇಕಾದರೆ ಅವರ ಮನೆಮಾತು ತುರ್ಕಿಯಲ್ಲಿ, ಅವರ ಚರ್ಚಿನ ಅಕ್ಷರದಲ್ಲಿ ತಲುಪಬೇಕು ಎಂದು ಅರಿತು ಅವರು ಮಾಡಿದ ಅನುವಾದ 1831ರಲ್ಲಿ ಮಾಲ್ಟಾ ದ್ವೀಪದಲ್ಲಿ ಅಚ್ಚಾಯಿತು. ಅರ್ಮೇನಿಯನ್ ಮುದ್ರಣ ಮೊದಲಿನಿಂದಲೂ ಹೀಗೆ ಊರೂರು ಅಲೆದದ್ದೇ. ಮೊದಲ ಪುಸ್ತಕ 1512ರಲ್ಲಿ ವೆನಿಸ್ಸಿನಲ್ಲಿ. ಜಗತ್ತಿನ ಮೊದಲ ಅರ್ಮೇನಿಯನ್ ಪತ್ರಿಕೆ 'ಅಜ್ದರಾರ್' ಹೊರಬಂದದ್ದಂತೂ 1794ರಲ್ಲಿ ನಮ್ಮ ಪಕ್ಕದ ಮದರಾಸಿನಲ್ಲಿ. ಅದರ ಸಂಪಾದಕ ಪಾದ್ರಿ ಹರುತ್ಯುನ್ ಶ್ಮಾವೊನ್ಯಾನ್ ಅವರ ಸಮಾಧಿ ಇಂದಿಗೂ ಚೆನ್ನೈನ ಅರ್ಮೇನಿಯನ್ ಬೀದಿಯ ಚರ್ಚಿನಲ್ಲಿದೆ.

ಈಗ ಅಕಾಬಿಯ ವಿಷಯ. 1851ರಲ್ಲಿ ಇಸ್ತಾಂಬುಲಿನಲ್ಲಿ ಲೇಖಕರ ಹೆಸರಿಲ್ಲದೆ ಒಂದು ಕಾದಂಬರಿ ಹೊರಬಂತು: 'ಅಕಾಬಿ ಹಿಕಾಯೆಸಿ', ಅಂದರೆ ಅಕಾಬಿಯ ಕಥೆ. ಬರೆದವರು ಹೊವ್ಸೆಪ್ ವರ್ತಾನ್ಯಾನ್, ಮುಂದೆ ವರ್ತಾನ್ ಪಾಷಾ ಎಂದು ಹೆಸರಾದವರು. ಮಖಿತಾರರ ಸಂಘದ ವಿಯೆನ್ನಾ ಶಾಲೆಯಲ್ಲಿ ಓದಿ, ಆಟೊಮನ್ ಸರ್ಕಾರದ ಸೇವೆಯಲ್ಲಿದ್ದವರು. ಅಕಾಬಿ ಅರ್ಮೇನಿಯನ್ ಮೂಲ ಚರ್ಚಿನ ಹುಡುಗಿ, ಹಾಗೊಪ್ ಅರ್ಮೇನಿಯನ್ ಕ್ಯಾಥೊಲಿಕ್ ಹುಡುಗ. ಒಂದೇ ಜನ, ಒಂದೇ ಮಾತು, ಚರ್ಚು ಮಾತ್ರ ಬೇರೆ. ಆ ಬೇರೆತನ ಆಗ ಸಣ್ಣದಾಗಿರಲಿಲ್ಲ. 1828ರಲ್ಲಿ ಕ್ಯಾಥೊಲಿಕ್ ಅರ್ಮೇನಿಯನ್ನರನ್ನು ರಾಜಧಾನಿಯಿಂದ ಹೊರಗಟ್ಟಿದ್ದರು. 1831ರಲ್ಲಿ ಅವರಿಗೆ ಪ್ರತ್ಯೇಕ ಸಮುದಾಯದ ಮಾನ್ಯತೆ ಸಿಕ್ಕಿತು. ಗಾಯ ಇನ್ನೂ ಹಸಿಯಾಗಿದ್ದಾಗ ವರ್ತಾನ್ ಈ ಎರಡು ಮನೆಗಳ ನಡುವಿನ ಪ್ರೀತಿಯನ್ನು ಬರೆದರು. ಕಥೆ ಸಾವಿನಲ್ಲಿ ಮುಗಿಯುತ್ತದೆ. ಮುಖಪುಟದ ಹೆಸರನ್ನೇ ಈಗಿನ ಅರ್ಮೇನಿಯದ ಯೆರೆವಾನ್ ನಗರದವರು ಓದಿದರೆ 'ಅಗಪಿ' ಅನ್ನುತ್ತಾರೆ, ಇಸ್ತಾಂಬುಲಿನವರು 'ಅಕಾಬಿ' ಅನ್ನುತ್ತಾರೆ. ಯೆರೆವಾನಿನ ಪೂರ್ವ ಅರ್ಮೇನಿಯನ್ನಿನ ಗ ಇಸ್ತಾಂಬುಲಿನ ಪಶ್ಚಿಮ ಅರ್ಮೇನಿಯನ್ನಿನಲ್ಲಿ ಕ ಆಗಿದೆ, ಪೂರ್ವದ ಪ ಪಶ್ಚಿಮದಲ್ಲಿ ಬ ಆಗಿದೆ. ತುರ್ಕಿ ಬರೆದವರೆಲ್ಲ ಪಶ್ಚಿಮದ ಲೆಕ್ಕವನ್ನೇ ಹಿಡಿದವರು.

ತುರ್ಕಿಯ ಮೊದಲ ಕಾದಂಬರಿ ಯಾವುದು ಎಂದು ಕೇಳಿದರೆ ಟರ್ಕಿಯಲ್ಲಿ ಬಹುಕಾಲ ಬಂದ ಉತ್ತರ ಶೆಮ್ಸೆತ್ತಿನ್ ಸಾಮಿ ಅವರ 1872ರ ಕೃತಿ. ಅದಕ್ಕೂ ಇಪ್ಪತ್ತೊಂದು ವರ್ಷ ಹಿಂದಿನ ಅಕಾಬಿ ಲೆಕ್ಕಕ್ಕೇ ಇರಲಿಲ್ಲ. ವಿಯೆನ್ನಾ ಮೂಲದ ತುರ್ಕಿ ಭಾಷಾ ವಿದ್ವಾಂಸ ಆಂದ್ರಿಯಾಸ್ ತೀತ್ಸೆ 1991ರಲ್ಲಿ ಅದನ್ನು ಲ್ಯಾಟಿನ್ ಅಕ್ಷರಕ್ಕೆ ಇಳಿಸಿ ಪ್ರಕಟಿಸಿದ ಮೇಲೆ ಚರ್ಚೆ ಶುರುವಾಯಿತು. 140 ವರ್ಷ! ಒಂದು ಪದವನ್ನೂ ಅನುವಾದ ಮಾಡಬೇಕಾಗಿರಲಿಲ್ಲ, ಅಕ್ಷರ ಬದಲಿಸಿದರೆ ಸಾಕಿತ್ತು.

ಹೀಗೆ ಬೇರೆ ಅಕ್ಷರದಲ್ಲಿ ತುರ್ಕಿ ಬರೆದವರು ಅರ್ಮೇನಿಯನ್ನರಷ್ಟೇ ಅಲ್ಲ. ನಾನು ಹೋದ ಇನ್ನೊಂದು ಜಾಗ ಹಳೆಯ ಕೋಟೆಯ ಸಿಲಿವ್ರಿ ಬಾಗಿಲ ಹೊರಗಿನ ಬಾಲಿಕ್ಲಿ ಗ್ರೀಕ್ ಚರ್ಚು. ಅದರ ಅಂಗಳಕ್ಕೆ ಹಾಸಿರುವುದು ಸಮಾಧಿ ಕಲ್ಲುಗಳನ್ನು. ಕಾಲಿಡಲು ಮನಸ್ಸಾಗದೆ ಅಂಚಿನಲ್ಲೇ ಬಗ್ಗಿ ನೋಡಿದೆ. ಅಕ್ಷರ ಗ್ರೀಕ್, ಮಾತು ತುರ್ಕಿ. ಸತ್ತವರ ಕಸುಬು ಗೊತ್ತಾಗಲೆಂದು ಕಲ್ಲಿನಲ್ಲಿ ಕತ್ತರಿ, ತಕ್ಕಡಿ ಮುಂತಾದ ಸಲಕರಣೆಗಳನ್ನು ಕೆತ್ತಿದ್ದಾರೆ. ಇವರು ಕರಮಾನ್ಲಿಗಳು, ತುರ್ಕಿ ಮಾತಾಡುವ ಆರ್ಥೊಡಾಕ್ಸ್ ಕ್ರೈಸ್ತರು. ಗ್ರೀಸ್ ಮತ್ತು ಟರ್ಕಿಯ ನಡುವಿನ 1923ರ ಜನ ವಿನಿಮಯ ಒಪ್ಪಂದ ಮಾತನ್ನು ಕೇಳಲಿಲ್ಲ, ಧರ್ಮವನ್ನು ನೋಡಿತು. ಗ್ರೀಕ್ ಬಾರದ ಈ ಜನರನ್ನು ಅನಾತೋಲಿಯದಿಂದ ಎಬ್ಬಿಸಿ ಗ್ರೀಸಿಗೆ ಕಳಿಸಿದರು.

ಅರ್ಮೇನಿಯನ್ನರಿಗೆ ಆದದ್ದು ಅದಕ್ಕಿಂತ ಘೋರ. 1915ರಲ್ಲಿ ಶುರುವಾದ ಗಡೀಪಾರು, ಕೊಲೆಗಳಲ್ಲಿ ಅನಾತೋಲಿಯದ ಅರ್ಮೇನಿಯನ್ ಬದುಕೇ ನಿರ್ನಾಮವಾಯಿತು. ಅದನ್ನು ನರಮೇಧ ಎನ್ನಲು ಟರ್ಕಿ ಸರ್ಕಾರ ಇಂದಿಗೂ ಒಪ್ಪುವುದಿಲ್ಲ. ನನಗೆ ಬೇರೆ ಹೆಸರು ಗೊತ್ತಿಲ್ಲ. ಉಳಿದವರು ಅಲೆಪ್ಪೊ, ಬೈರುತ್, ಅಮೆರಿಕ ಸೇರಿದರು. ಎದೆ ಒಡೆಯುವ ಸಂಗತಿಯೆಂದರೆ ಅವರಲ್ಲಿ ಎಷ್ಟೋ ಜನಕ್ಕೆ ಬರುತ್ತಿದ್ದದ್ದು ತುರ್ಕಿ ಒಂದೇ. ತಮ್ಮನ್ನು ಓಡಿಸಿದ ನಾಡಿನ ಮಾತಿನಲ್ಲೇ ಪ್ರಾರ್ಥಿಸಿದರು, ತಮ್ಮ ಅಕ್ಷರದಲ್ಲಿ ಅದನ್ನು ಬರೆದುಕೊಂಡರು. 1928ರ ನವೆಂಬರ್ 1ರ ಕಾನೂನು ಟರ್ಕಿಯೊಳಗೆ ಲ್ಯಾಟಿನ್ ಅಕ್ಷರ ತಂದು ಹಳೆಯದನ್ನೆಲ್ಲ ಬದಿಗೆ ಸರಿಸಿದ ಮೇಲೂ, ಹೊರನಾಡಿನ ಚರ್ಚುಗಳಲ್ಲಿ ಅರ್ಮೇನಿಯನ್ ಅಕ್ಷರದ ತುರ್ಕಿ ಕೀರ್ತನೆ ಪುಸ್ತಕಗಳು ಇನ್ನೂ ಎಷ್ಟೋ ವರ್ಷ ಕೈಯಲ್ಲಿದ್ದವು.

ಶಿಶ್ಲಿಯ ಹಲಾಸ್ಕಾರ್ಗಾಜಿ ರಸ್ತೆಯಲ್ಲಿ ಸೆಬಾತ್ ಅಪಾರ್ಟ್‌ಮೆಂಟ್ ಎಂಬ ಕಟ್ಟಡವಿದೆ. 2007ರ ಜನವರಿ 19ರಂದು ಅದರ ಮುಂದಿನ ಕಾಲುದಾರಿಯಲ್ಲಿ ಅರ್ಮೇನಿಯನ್ ಪತ್ರಕರ್ತ ಹ್ರಾಂತ್ ದಿಂಕ್ ಅವರನ್ನು ಗುಂಡಿಕ್ಕಿ ಕೊಂದರು. ಅವರು ಬಿದ್ದ ಜಾಗದಲ್ಲಿ ನೆಲಕ್ಕೆ ಫಲಕ ಹಾಕಿದ್ದಾರೆ. ಮೇಲಿನ ಅವರ ಪತ್ರಿಕಾ ಕಚೇರಿ ಈಗ ಸ್ಮಾರಕ. 1996ರಲ್ಲಿ ಅವರು ಮತ್ತು ಗೆಳೆಯರು ಆರಂಭಿಸಿದ 'ಆಗೊಸ್' ಪತ್ರಿಕೆಯ ಹೆಚ್ಚಿನ ಪುಟಗಳು ತುರ್ಕಿಯಲ್ಲಿ, ಲ್ಯಾಟಿನ್ ಅಕ್ಷರದಲ್ಲಿ. ಕೆಲವು ಪುಟ ಅರ್ಮೇನಿಯನ್ನಿನಲ್ಲಿ. ಇಸ್ತಾಂಬುಲಿನ ಅರ್ಮೇನಿಯನ್ನರಲ್ಲಿ ಬಹಳ ಮಂದಿಗೆ ಈಗ ಅರ್ಮೇನಿಯನ್ ಓದಲು ಬರುವುದಿಲ್ಲ. ಮಖಿತಾರರ ಕಾಲದಲ್ಲಿ ಅಕ್ಷರವಾದರೂ ಉಳಿದಿತ್ತು. ಪಶ್ಚಿಮ ಅರ್ಮೇನಿಯನ್ ಭಾಷೆಯನ್ನು ಯುನೆಸ್ಕೊ 2010ರಲ್ಲಿ ಅಳಿವಿನ ಅಂಚಿನ ಭಾಷೆಗಳ ಪಟ್ಟಿಗೆ ಸೇರಿಸಿದೆ. ಆ ಸ್ಮಾರಕದ ಮೆಟ್ಟಿಲಿಳಿದು ಬರುವಾಗ ನನ್ನ ಜೊತೆಗಿದ್ದ ಹುಡುಗಿ ಮಾತಾಡಲಿಲ್ಲ. ರಸ್ತೆ ದಾಟಿದ ಮೇಲೆ ಕೇಳಿದಳು: "ಆ ಅಕ್ಷರ ನನಗೂ ಕಲಿಸಿಕೊಡುತ್ತೀರಾ?" ಹತ್ತಿರದ ಕಾಫಿ ಅಂಗಡಿಯಲ್ಲಿ ಕೂತು ಮೊದಲ ಹತ್ತು ಅಕ್ಷರ ಬರೆದುಕೊಟ್ಟೆ. ಅವಳು ತನ್ನ ಹೆಸರು ಬರೆಯಲು ಬೇಕಾದವನ್ನೂ ಹೇಳಿಸಿಕೊಂಡಳು.

ನಾನು ಹೇಳಬೇಕೆಂದಿರುವುದು ಇಷ್ಟು. ಶೆಮ್ಸೆತ್ತಿನ್ ಸಾಮಿ ತುರ್ಕಿ ಮನೆಮಾತಿನವರಲ್ಲ, ಅಲ್ಬೇನಿಯನ್. ತಮ್ಮ ತಾಯಿನುಡಿಗೆ ವರ್ಣಮಾಲೆ ಕಟ್ಟಲು ದುಡಿದವರು. ಆದರೂ ಅವರ ಕಾದಂಬರಿಯನ್ನು ತುರ್ಕಿಯ ಮೊದಲ ಕಾದಂಬರಿ ಎನ್ನಲು ಯಾರಿಗೂ ಅಡ್ಡಿ ಕಾಣಲಿಲ್ಲ, ಕಾಣಬಾರದು ಕೂಡ. ಕನ್ನಡದಲ್ಲಿ ನಾವು 1899ರ 'ಇಂದಿರಾಬಾಯಿ'ಯನ್ನು ಮೊದಲ ಸಾಮಾಜಿಕ ಕಾದಂಬರಿ ಎಂದು ಓದುತ್ತ ಬಂದಿದ್ದೇವೆ. ಗುಲ್ವಾಡಿ ವೆಂಕಟರಾಯರ ಮನೆಮಾತು ಕೊಂಕಣಿ ಎಂದು ಯಾರೂ ತಕರಾರು ತೆಗೆಯಲಿಲ್ಲ. ವರ್ತಾನ್ ಪಾಷಾ ತುರ್ಕಿಯಲ್ಲಿ ಬರೆದರು, ತುರ್ಕಿ ಮಾತಾಡುವ ಊರಿನ ಬಗ್ಗೆ ಬರೆದರು, ತುರ್ಕಿ ಓದುಗರಿಗಾಗಿ ಬರೆದರು. ಅವರನ್ನು ಹೊರಗಿಟ್ಟದ್ದು ಅಚ್ಚುಮೊಳೆಯ ಆಕಾರ, ಅದರ ಹಿಂದಿದ್ದ ಚರ್ಚಿನ ಗುರುತು. ಇಂದಿನ ಟರ್ಕಿಯಲ್ಲಿ ಕೆಲವು ವಿದ್ವಾಂಸರು ಇದನ್ನು ಒಪ್ಪಿ ಬರೆಯುತ್ತಿದ್ದಾರೆ. ಅದು ಪಠ್ಯಪುಸ್ತಕದ ಸಾಲಾಗಿಯೂ ಬರಬೇಕು. ತುರ್ಕಿ ಭಾಷೆಯ ಮೊದಲ ಕಾದಂಬರಿ 'ಅಕಾಬಿ ಹಿಕಾಯೆಸಿ', ವರ್ಷ 1851, ಲಿಪಿ ಅರ್ಮೇನಿಯನ್.